ಓದುಗರ ಪ್ರಶ್ನೆ, ನಮ್ಮ ಉತ್ತರ: ಮೆನ್ನೊನೈಟ್ ಅಜ್ಜಿಯ ಹತ್ತು ಸಾಲು

ಪ್ರಶ್ನೆ: ನಾನು ವಿಜಯಪುರದ ಕಡೆಯವಳು, ಡೊಂಬಿವಲಿಗೆ ಬಂದು ಮೂವತ್ತು ವರ್ಷಗಳಾದವು. ಮಗ ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ಲ್ಯಾಂಕಾಸ್ಟರ್‌ನಲ್ಲಿದ್ದಾನೆ. ಸೊಸೆಯ ಬಾಣಂತನಕ್ಕೆಂದು ಹೋಗಿ ಆರು ತಿಂಗಳು ಅಲ್ಲಿದ್ದಾಗ ಪಕ್ಕದ ಮನೆಯ, ಮೆನ್ನೊನೈಟ್ ಎಂಬ ಕ್ರೈಸ್ತ ಪಂಥದ ಅಜ್ಜಿಯೊಬ್ಬರ ಪರಿಚಯವಾಯಿತು. ತಲೆಗೆ ತೆಳುವಾದ ಬಿಳಿಯ ಟೋಪಿ, ಮೈತುಂಬ ಸಾದಾ ಉಡುಪು, ಮನೆಯಲ್ಲಿ ಟಿ.ವಿ. ಇರಲಿಲ್ಲ. ಒಬ್ಬರ ಮಾತು ಒಬ್ಬರಿಗೆ ತಿಳಿಯದಿದ್ದರೂ ಅವರು ಕೌದಿ ಹೊಲಿಯಲು ಕುಳಿತರೆ ನಾನೂ ಸೂಜಿ ಹಿಡಿದು ಪಕ್ಕದಲ್ಲಿ ಕೂರುತ್ತಿದ್ದೆ. ಕಳೆದ ತಿಂಗಳು ಅವರು ತಮ್ಮ 93ನೆಯ ವಯಸ್ಸಿನಲ್ಲಿ ತೀರಿಕೊಂಡರು. ಅಲ್ಲಿನ ಪತ್ರಿಕೆಯ ನಿಧನವಾರ್ತೆಯನ್ನು ಮಗ ಫೋನಿನಲ್ಲಿ ಓದಿ ಹೇಳಿದ: ಹುಟ್ಟಿದ ಊರು, ದೀಕ್ಷಾಸ್ನಾನವಾದ ವರ್ಷ, ಮದುವೆ, ಎಂಟು ಮಕ್ಕಳು, ಮೂವತ್ತೊಂದು ಮೊಮ್ಮಕ್ಕಳು, ಸಭೆಯ (ಅವರ ಚರ್ಚಿನ) ಹೊಲಿಗೆ ಬಳಗದ ಸದಸ್ಯೆ. ಅಷ್ಟೇ. ಅಷ್ಟು ದೊಡ್ಡ ಬಾಳು ಹತ್ತು ಸಾಲಿನಲ್ಲಿ ಮುಗಿಯಿತೇ ಎಂದು ಸಂಕಟವಾಯಿತು. ಅವರ ಮಕ್ಕಳಿಗೆ ನಾನು ಏನೆಂದು ಬರೆಯಲಿ?

ಉತ್ತರ: ಅಮ್ಮಾ, ಆ ಹತ್ತು ಸಾಲುಗಳನ್ನು ಇನ್ನೊಮ್ಮೆ ನಿಧಾನವಾಗಿ ಓದಿಸಿಕೊಳ್ಳಿ. ಅವರ ಜನ ತಮ್ಮ ಬಗ್ಗೆ ದೊಡ್ಡದಾಗಿ ಹೇಳಿಕೊಳ್ಳುವುದನ್ನು ಶತಮಾನಗಳಿಂದ ಬೇಡವೆಂದು ಬಿಟ್ಟವರು. ಆದ್ದರಿಂದ ಬರೆದಿರುವ ಒಂದೊಂದು ಶಬ್ದದ ಹಿಂದೆಯೂ ಬರೆಯದೆ ಬಿಟ್ಟದ್ದು ಬಹಳಷ್ಟಿರುತ್ತದೆ.

ಮೊದಲು ದೀಕ್ಷಾಸ್ನಾನದ ವರ್ಷವನ್ನು ನೋಡಿ. ಹುಟ್ಟಿದ ಇಸವಿಯ ಜೊತೆಗೆ ಅದನ್ನೂ ಏಕೆ ಕೊಟ್ಟರು? ಕೂಸಿಗೆ ದೀಕ್ಷಾಸ್ನಾನ ಮಾಡಿಸುವುದು ಸಲ್ಲದು, ವ್ಯಕ್ತಿ ತಿಳಿವಳಿಕೆ ಬಂದ ಮೇಲೆ ತಾನಾಗಿ ಕೇಳಿ ಪಡೆಯಬೇಕು ಎಂಬ ನಂಬಿಕೆಯಿಂದ 1525ರ ಜನವರಿಯಲ್ಲಿ ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನಲ್ಲಿ ಕೆಲವರು ಪರಸ್ಪರ ದೀಕ್ಷೆ ಕೊಟ್ಟುಕೊಂಡರು. ಅದಕ್ಕೆ ಸಿಕ್ಕ ಶಿಕ್ಷೆ ಮರಣ. ಅವರಲ್ಲೊಬ್ಬನಾದ ಫೆಲಿಕ್ಸ್ ಮಾಂಜ್‌ನನ್ನು 1527ರಲ್ಲಿ ಅದೇ ಊರಿನ ಲಿಮ್ಮಾಟ್ ನದಿಯಲ್ಲಿ ಮುಳುಗಿಸಿ ಕೊಂದರು. ಪಂಥಕ್ಕೆ ಹೆಸರು ಬಂದದ್ದು ಮೆನ್ನೊ ಸೈಮನ್ಸ್ ಎಂಬ ಡಚ್ ಪಾದ್ರಿಯಿಂದ. ಅವನು 1536ರಲ್ಲಿ ಕ್ಯಾಥೊಲಿಕ್ ಪಾದ್ರಿತನವನ್ನು ತೊರೆದು, ಚೆದುರಿಹೋಗಿದ್ದ ಈ ಜನರನ್ನು ಕೂಡಿಸಿದ. ಆದ್ದರಿಂದ ಆ ಅಜ್ಜಿಯ ನಿಧನವಾರ್ತೆಯಲ್ಲಿರುವ ಆ ವರ್ಷ ಅವರು ತಾವೇ ಮಾಡಿದ ನಿರ್ಧಾರದ ವರ್ಷ.

ತಾಯ್ತನದ ವಿಷಯಕ್ಕೆ ಬಂದರೆ, ಈ ಪಂಥದ ನೆನಪಿನಲ್ಲಿ ಅಳಿಯದೆ ಉಳಿದಿರುವ ಒಬ್ಬ ತಾಯಿಯ ಕಥೆಯನ್ನು ಹೇಳಲೇಬೇಕು. ಮಾಯ್ಕೆನ್ ವೆನ್ಸ್ ಎಂಬ ಹೆಂಗಸನ್ನು 1573ರಲ್ಲಿ ಆ್ಯಂಟ್‌ವರ್ಪ್‌ನಲ್ಲಿ ಜೀವಂತ ಸುಟ್ಟರು. ಕೂಡಿದ ಜನರ ಮುಂದೆ ಮಾತನಾಡಬಾರದೆಂದು ಅವಳ ನಾಲಿಗೆಗೆ ತಿರುಪು ಬಿಗಿದಿದ್ದರು. ಹದಿನೈದು ವರ್ಷದ ಹಿರಿಯ ಮಗ ಆ್ಯಡ್ರಿಯನ್ ಪುಟ್ಟ ತಮ್ಮನನ್ನು ಎತ್ತಿಕೊಂಡು ಅಲ್ಲಿಗೆ ಹೋದವನು ನೋಡಲಾರದೆ ಪ್ರಜ್ಞೆ ತಪ್ಪಿ ಬಿದ್ದ. ಎಲ್ಲ ಮುಗಿದ ಮೇಲೆ ಬೂದಿಯನ್ನು ಕೆದಕಿ ಆ ತಿರುಪನ್ನು ಹುಡುಕಿ, ತಾಯಿಯ ನೆನಪಿಗೆಂದು ಇಟ್ಟುಕೊಂಡ. ಸೆರೆಯಿಂದ ಅವಳು ಮಗನಿಗೆ ಬರೆದ ಪತ್ರವೂ ಉಳಿದಿದೆ. ಇಂಥ ವೃತ್ತಾಂತಗಳನ್ನು ಸೇರಿಸಿ 1660ರಲ್ಲಿ ಡಚ್ಚಿನಲ್ಲಿ ಅಚ್ಚಾದ ದಪ್ಪ ಗ್ರಂಥದ ಜರ್ಮನ್ ಅನುವಾದವನ್ನು 1748ರಲ್ಲಿ ಅಚ್ಚು ಹಾಕಲು ತೊಡಗಿದ್ದು ನಿಮ್ಮ ಮಗನಿರುವ ಲ್ಯಾಂಕಾಸ್ಟರ್ ಕೌಂಟಿಯ ಎಫ್ರಟಾ ಎಂಬ ಊರಿನಲ್ಲಿ. ಅಲ್ಲಿನ ಎಷ್ಟೋ ಮನೆಗಳಲ್ಲಿ ಮೊಮ್ಮಕ್ಕಳು ಈ ಕಥೆಗಳನ್ನು ಹಿರಿಯರ ಬಾಯಿಂದಲೇ ಕೇಳುತ್ತಾರೆ.

ಮದುವೆಯ ಸಾಲಿನಲ್ಲಿಯೂ ಒಂದು ಮಾತು ಅಡಗಿರಬಹುದು. ಮೆನ್ನೊನೈಟರು ಆಯುಧ ಹಿಡಿಯುವುದಿಲ್ಲ, ನ್ಯಾಯಾಲಯದಲ್ಲಿಯೂ ಆಣೆ ಇಡುವುದಿಲ್ಲ. ಆ ಅಜ್ಜಿ ತರುಣಿಯಾಗಿದ್ದ ಕೊರಿಯಾ ಯುದ್ಧದ ಕಾಲದಲ್ಲಿ, ಸೈನ್ಯಕ್ಕೆ ಕರೆ ಬಂದ ಇವರ ತರುಣರು 1952ರಿಂದ ಅದರ ಬದಲು ಆಸ್ಪತ್ರೆಗಳಂಥ ಕಡೆ ಎರಡು ವರ್ಷ ಪರ್ಯಾಯ ಸೇವೆ ಮಾಡಬೇಕಿತ್ತು. ನೆರೆಹೊರೆಯವರ ಮಕ್ಕಳೆಲ್ಲ ಯುದ್ಧಕ್ಕೆ ಹೊರಟಾಗ ತನ್ನ ಮನೆಯವರನ್ನು ಹಾಗೆ ಕಳುಹಿಸದೆ, ಬಂದ ಚುಚ್ಚುಮಾತುಗಳನ್ನು ನುಂಗಿಕೊಂಡು ಬಾಳುವುದೂ ಧೈರ್ಯವೇ.

ಇನ್ನು ಹೊಲಿಗೆ ಬಳಗ. ನೀವು ಜೊತೆಗೆ ಕುಳಿತು ಹಾಕಿದ ಹೊಲಿಗೆ ಎಲ್ಲಿಗೆ ಹೋಯಿತೆಂದು ನಿಮಗೆ ಯಾರೂ ಹೇಳಿರಲಾರರು. ಉಕ್ರೇನಿನಲ್ಲಿ ಹಸಿವಿನಿಂದ ಸಾಯುತ್ತಿದ್ದವರಿಗಾಗಿ 1920ರಲ್ಲಿ ಮೆನ್ನೊನೈಟ್ ಸೆಂಟ್ರಲ್ ಕಮಿಟಿ ಹುಟ್ಟಿತು. 1922ರಲ್ಲಿ ಅದರ ಗಂಜಿಕೇಂದ್ರಗಳು ದಿನಕ್ಕೆ ಸುಮಾರು 25,000 ಜನರಿಗೆ ಉಣ್ಣಲು ಕೊಟ್ಟವು. ಅಂದಿನಿಂದ ಇಂದಿನವರೆಗೆ ಯುದ್ಧದಿಂದ ಮನೆಬಿಟ್ಟವರಿಗೆ ಅದು ಕಳುಹಿಸುವ ಹೊದಿಕೆಗಳನ್ನು ಹೆಚ್ಚಾಗಿ ಹೊಲಿದುಕೊಟ್ಟವರು ಇಂಥ ಅಜ್ಜಿಯರೇ. ಅವರು ಹೊಲಿದ ಅಂದದ ಕೌದಿಗಳನ್ನು ಹರಾಜು ಹಾಕಿ ಪರಿಹಾರಕ್ಕೆ ಹಣ ಕೂಡಿಸುವ ಪದ್ಧತಿಯೂ ಇದೆ. ಅದೇ ಕೌಂಟಿಯ ಆ್ಯಕ್ರನ್ ಎಂಬ ಊರಿನ ಗೃಹಿಣಿ ಎಡ್ನಾ ರೂತ್ ಬೈಲರ್ 1946ರಲ್ಲಿ ಪೋರ್ಟೊರಿಕೊಗೆ ಹೋದವರು ಅಲ್ಲಿನ ಬಡ ಹೆಂಗಸರ ಕಸೂತಿಯನ್ನು ತಂದು, ಪರಿಚಿತರ ಮನೆಗಳಿಗೆ ಕಾರಿನಲ್ಲಿ ಒಯ್ದು ಮಾರಿ, ಹಣವನ್ನು ಹೊಲಿದವರಿಗೇ ಮುಟ್ಟಿಸಿದರು. ಅದೇ ಬೆಳೆದು ಟೆನ್ ಥೌಸಂಡ್ ವಿಲೇಜಸ್ ಎಂಬ ಅಂಗಡಿಗಳ ಸಾಲಾಯಿತು.

ಹಾಗೆಂದು ಎಲ್ಲವೂ ಚೆನ್ನಾಗಿತ್ತು ಎಂದು ನಾನು ಹೇಳಲಾರೆ. ಓಹಾಯೊದ ಕ್ಲಾರಾ ಎಬಿ ಸ್ಟೈನರ್ 1910ರ ದಶಕದಲ್ಲಿ ಹೊಲಿಗೆ ಬಳಗಗಳನ್ನು ಕೂಡಿಸಿ ಹೆಂಗಸರದೇ ಸಂಘವೊಂದನ್ನು ಕಟ್ಟಿದರು. 1920ರ ದಶಕ ಮುಗಿಯುವುದರೊಳಗೆ ಗಂಡಸರ ಮಂಡಳಿ ಅದನ್ನು ತನ್ನ ಕೈಗೆ ತೆಗೆದುಕೊಂಡಿತು. ದುಡಿಮೆ ಅವರದು, ಲೆಕ್ಕಪತ್ರ ಇವರದು. ಆ್ಯನ್ ಆಲಬಾಕ್ ಎಂಬ ಮಹಿಳೆ 1911ರಷ್ಟು ಹಿಂದೆಯೇ ಫಿಲಡೆಲ್ಫಿಯಾದಲ್ಲಿ ಸಭಾಪಾಲಕಿಯಾಗಿ ದೀಕ್ಷೆ ಪಡೆದಿದ್ದರೂ, ಟೋಪಿ ಧರಿಸುವ ಸಾಂಪ್ರದಾಯಿಕ ಸಭೆಗಳಲ್ಲಿ ಹೆಂಗಸರು ಇಂದಿಗೂ ಬೋಧಕರಾಗುವುದಿಲ್ಲ. ನಿಮ್ಮ ಗೆಳತಿ ಇದನ್ನು ಒಪ್ಪಿ ಬಾಳಿದರೋ, ಸಹಿಸಿ ಬಾಳಿದರೋ, ಅವರ ಹೆಣ್ಣುಮಕ್ಕಳು ಬಲ್ಲರು.

ಪತ್ರವನ್ನು ಕನ್ನಡದಲ್ಲಿಯೇ ಬರೆಯಿರಿ, ಮಗ ಇಂಗ್ಲಿಷಿನಲ್ಲಿ ಹೇಳಲಿ. ಸಂತಾಪದ ದೊಡ್ಡ ಮಾತುಗಳು ಬೇಡ. ಅವರು ಯಾವ ಕುರ್ಚಿಯಲ್ಲಿ ಕೂರುತ್ತಿದ್ದರು, ಸೂಜಿಗೆ ದಾರ ಪೋಣಿಸಲು ನಿಮ್ಮ ಕೈಗೆ ಕೊಡುತ್ತಿದ್ದರೇ, ನಿಮ್ಮ ಮೊಮ್ಮಗುವನ್ನು ಹೇಗೆ ಎತ್ತಿಕೊಂಡರು ಎಂಬುದನ್ನು ಬರೆಯಿರಿ. ಮೂವತ್ತೊಂದು ಮೊಮ್ಮಕ್ಕಳಲ್ಲಿ ಯಾರೂ ನೋಡಿರದ ಆ ಮಧ್ಯಾಹ್ನಗಳು ನಿಮ್ಮ ಬಳಿ ಮಾತ್ರ ಇವೆ. ಸಾಧ್ಯವಾದರೆ ನೀವೇ ಹೊಲಿದ ಒಂದು ಸಣ್ಣ ಕೌದಿಯನ್ನೂ ಜೊತೆಗೆ ಕಳುಹಿಸಿ.

ಪ್ರಶ್ನೆ: ನಮ್ಮ ದೇಶದಲ್ಲಿಯೂ ಮೆನ್ನೊನೈಟರಿದ್ದಾರೆಯೇ? ಇಲ್ಲಿನ ಅಜ್ಜಿಯರೂ ಹಾಗೆಯೇ ಟೋಪಿ ಹಾಕುತ್ತಾರೆಯೇ? (ಪುಣೆಯ ಓದುಗರು)

ಉತ್ತರ: ಇದ್ದಾರೆ. ಬರಗಾಲದ ಪರಿಹಾರಕ್ಕೆಂದು ಬಂದವರು 1899ರಲ್ಲಿ ಈಗಿನ ಛತ್ತೀಸಗಡದ ಧಮತರಿಯಲ್ಲಿ ನೆಲೆನಿಂತರು; ಚಾಂಪಾದಲ್ಲಿ ಕುಷ್ಠರೋಗಿಗಳ ಆರೈಕೆ ಅದಾದ ಕೆಲವೇ ವರ್ಷಗಳಲ್ಲಿ ಆರಂಭವಾಯಿತು. ತೆಲಂಗಾಣದ ಪಾಲಮೂರು ಸೀಮೆಯಲ್ಲಿ, ನಮ್ಮ ರಾಯಚೂರಿಗೆ ಹತ್ತಿರದ ಗದ್ವಾಲದವರೆಗೂ, ಮೆನ್ನೊನೈಟ್ ಬ್ರದರನ್ ಸಭೆಗಳಿವೆ. ಅಲ್ಲಿನ ಅಜ್ಜಿಯರಿಗೆ ಟೋಪಿಯಿಲ್ಲ. ಪ್ರಾರ್ಥನೆಯ ಹೊತ್ತಿಗೆ ಸೀರೆಯ ಸೆರಗನ್ನೇ ತಲೆಯ ಮೇಲೆ ಎಳೆದುಕೊಳ್ಳುತ್ತಾರೆ.