ಹೋಲಿಕೆಯ ಪ್ರಯೋಗ ಎಂದರೇನು? ಅದಕ್ಕೊಂದು ಹಳೆಯ ಉದಾಹರಣೆ ಕೊಡುವಿರಾ?

ರೋಗ ಮದ್ದಿನಿಂದ ಇಳಿಯಿತೋ ತಾನಾಗಿಯೇ ಇಳಿಯಿತೋ ಎಂದು ತಿಳಿಯಲು, ಉಳಿದೆಲ್ಲವನ್ನೂ ಸಮನಾಗಿಟ್ಟು ಮದ್ದೊಂದನ್ನೇ ಬದಲಿಸಿ ನೋಡುವುದು ಹೋಲಿಕೆಯ ಪ್ರಯೋಗ. 1747ರಲ್ಲಿ ಬ್ರಿಟಿಷ್ ನೌಕಾಪಡೆಯ ಸಾಲ್ಸ್‌ಬರಿ ಹಡಗಿನ ವೈದ್ಯ ಜೇಮ್ಸ್ ಲಿಂಡ್, ವಸಡು ಕೊಳೆತು ಮೊಣಕಾಲು ಸೋತಿದ್ದ 12 ಮಂದಿ ಸ್ಕರ್ವಿ (ಸಿ ಜೀವಸತ್ವದ ಕೊರತೆಯಿಂದ ಬರುವ, ಸಾವನ್ನೂ ತರಬಲ್ಲ ಕಾಯಿಲೆ) ರೋಗಿಗಳನ್ನು ಒಂದೇ ಕಡೆ ಮಲಗಿಸಿ, ಎಲ್ಲರಿಗೂ ಒಂದೇ ಬಗೆಯ ಊಟ ಕೊಡಿಸಿ, ವಿನೆಗರ್, ಸಮುದ್ರದ ನೀರು ಮುಂತಾದ ಆರು ಬಗೆಯ ಮದ್ದುಗಳನ್ನು ಇಬ್ಬಿಬ್ಬರಿಗೆ ಒಂದರಂತೆ ಹಂಚಿದರು. ದಿನಕ್ಕೆ ಎರಡು ಕಿತ್ತಳೆ, ಒಂದು ನಿಂಬೆ ತಿಂದವರು ಎಲ್ಲರಿಗಿಂತ ಬೇಗ ಚೇತರಿಸಿಕೊಂಡರು. ಹಣ್ಣು ಆರೇ ದಿನಕ್ಕೆ ಮುಗಿದರೂ ಅವರಲ್ಲೊಬ್ಬ ಕೆಲಸಕ್ಕೆ ಮರಳುವಷ್ಟು ಸುಧಾರಿಸಿದ್ದ. ಪ್ರತಿ ಗುಂಪಿನಲ್ಲಿ ಇಬ್ಬರೇ ಇದ್ದುದು ಇದರ ಕೊರತೆ ನಿಜ. ಆದರೂ ನೌಕಾಪಡೆ ನಾವಿಕರಿಗೆ ನಿಂಬೆರಸ ಕೊಡಲು ಒಪ್ಪಿದ್ದು 1795ರಲ್ಲಿ ಎಂಬುದು, ನಡುವೆ ಸತ್ತವರನ್ನು ನೆನೆದಾಗ, ಸಂಕಟದ ಸಂಗತಿ.