ಅದು ಲೋ ಶುಗರ್ ಇರಬಹುದಾ?

ಸಕ್ಕರೆ ಕಾಯಿಲೆ ಗೊತ್ತಾಗಿ ಮೂರು ವಾರ, ಮಧ್ಯಾಹ್ನ ಊಟಕ್ಕೆ ಮುಂಚೆ ಕೈ ನಡುಗಿ ಬೆವರುತ್ತೆ, ಇದು ಲೋ ಶುಗರಾ ಅಂತ ಕೇಳಿದ್ದೀರಿ. ಇರಬಹುದು. ಆದರೆ ಊಹೆ ಮಾಡಬೇಡಿ, ಆ ಕ್ಷಣವೇ ಬೆರಳು ಚುಚ್ಚಿ ಶುಗರ್ ಮೀಟರ್‌ನಲ್ಲಿ ನೋಡಿ. 70 mg/dLಗಿಂತ ಕಡಿಮೆ ಇದ್ದರೆ ಲೋ, 54ಕ್ಕಿಂತ ಕೆಳಗೆ ಹೋದರೆ ಗಂಭೀರ.

ತುಂಬಾ ದಿನ ಶುಗರ್ ಜಾಸ್ತಿ ಇದ್ದವರಿಗೆ ಅದು ನಾರ್ಮಲ್‌ಗೆ ಇಳಿಯುವಾಗಲೂ ಹೀಗೇ ನಡುಕ ಬರುತ್ತದೆ. ಅದಕ್ಕೇ ಮೀಟರ್ ನೋಡದೆ ಗೊತ್ತಾಗಲ್ಲ.

ನನಗೆ ಮೊದಲು ಬರುತ್ತಿದ್ದದ್ದು ನಡುಕವಲ್ಲ, ಸಿಟ್ಟು. ಒಂದೇ ಸಾಲನ್ನು ನಾಲ್ಕು ಸಲ ಓದಿದರೂ ತಲೆಗೆ ಹೋಗುತ್ತಿರಲಿಲ್ಲ. ಕುತ್ತಿಗೆ ಹಿಂದೆ ತಣ್ಣನೆ ಬೆವರು. ನಿಮ್ಮ ಗುರುತು ಬೇರೆ ಇರಬಹುದು, ಪ್ರತಿ ಸಲ ಬರೆದಿಡಿ.

ಲೋ ಇದ್ದರೆ ಮೂರು ಟೀ ಚಮಚ ಸಕ್ಕರೆ ನೀರಲ್ಲಿ ಕಲಸಿ ಕುಡಿಯಿರಿ, 15 ನಿಮಿಷ ಬಿಟ್ಟು ಮತ್ತೆ ನೋಡಿ. ಇನ್ನೂ 70 ದಾಟಿಲ್ಲ ಅಂದರೆ ಮತ್ತೊಮ್ಮೆ ಕುಡಿಯಿರಿ. ಚಾಕೊಲೇಟ್ ಬೇಡ, ಅದರ ಕೊಬ್ಬಿನಿಂದ ಸಕ್ಕರೆ ಏರುವುದು ತಡ.

ಯಾವ ಮಾತ್ರೆ ಅಂತ ನೀವು ಹೇಳಿಲ್ಲ. ಮೆಟ್‌ಫಾರ್ಮಿನ್ ಒಂದೇ ಆದರೆ ಲೋ ಆಗುವುದು ಅಪರೂಪ. ಲೋ ಮಾಡಬಲ್ಲ ಗ್ಲಿಮೆಪಿರೈಡ್ ಮಾತ್ರೆ ಅಥವಾ ಇನ್ಸುಲಿನ್ ಇದ್ದರೆ ಇವತ್ತೇ ಡಾಕ್ಟರಿಗೆ ಫೋನ್ ಮಾಡಿ, ಡೋಸ್ ಬದಲಿಸಬೇಕಾಗಬಹುದು. ಮನೆಯವರಿಗೂ ಹೇಳಿಡಿ: ಪ್ರಜ್ಞೆ ತಪ್ಪಿದರೆ ಬಾಯಿಗೆ ಏನೂ ಹಾಕಬಾರದು, ನೇರ ಆಂಬುಲೆನ್ಸ್ ಕರೆಯಬೇಕು.