ಗಣಿಯ ಕೆಂಪು ಹೂಳು ಮಳೆಗಾಲದಲ್ಲಿ ಹೊಲ, ಕೆರೆಗೆ ಇಳಿಯದಂತೆ ತಡೆಯುವುದು ಹೇಗೆ?

ಮೊದಲ ಕೆಲಸ, ಗುಡ್ಡದ ಮೇಲಿನ ಶುದ್ಧ ಮಳೆನೀರು ಗಣಿಯೊಳಗೆ ಬರದಂತೆ ಸುತ್ತಲೂ ಕಾಲುವೆ ತೋಡಿ ಹೊರಗೇ ಹಳ್ಳಕ್ಕೆ ತಿರುಗಿಸುವುದು. ಇದನ್ನು ಬಿಟ್ಟರೆ ಕೆಳಗೆ ಎಷ್ಟು ದೊಡ್ಡ ಹೊಂಡ ಕಟ್ಟಿದರೂ ಸಾಲದು.

ಒಳಗಿನ ಕೆಸರು ನೀರನ್ನು ಹೂಳು ತಂಗುವ ಹೊಂಡಗಳಿಗೆ ಬಿಡಬೇಕು. ಇಲ್ಲಿ ಎಲ್ಲವೂ ಕಣದ ಗಾತ್ರದ ಮೇಲೆ ನಿಂತಿದೆ. 0.1 ಮಿಲಿಮೀಟರ್ ಮರಳಿನ ಕಣ ನಿಂತ ನೀರಿನಲ್ಲಿ ಒಂದು ಮೀಟರ್ ಇಳಿಯಲು ಸುಮಾರು ಎರಡು ನಿಮಿಷ ಸಾಕು, 0.002 ಮಿಲಿಮೀಟರ್ ಜೇಡಿಯ ಕಣಕ್ಕೆ ಸುಮಾರು ಮೂರು ದಿನ ಬೇಕು. ಅಂದರೆ ಜೋರು ಮಳೆಯಲ್ಲಿ ಹೊಂಡ ಮರಳನ್ನಷ್ಟೇ ಹಿಡಿಯುತ್ತದೆ, ಕೆಂಪು ಬಣ್ಣ ಹರಿದೇ ಹೋಗುತ್ತದೆ. ಆದ್ದರಿಂದ ಮಣ್ಣು ಏಳುವ ಜಾಗದಲ್ಲೇ ಅದನ್ನು ಹಿಡಿಯಬೇಕು: ತ್ಯಾಜ್ಯದ ರಾಶಿಯನ್ನು ಮೆಟ್ಟಿಲಾಗಿ ಇಳಿಜಾರು ಮಾಡಿ, ಬುಡಕ್ಕೆ ತಡೆಗೋಡೆ ಕಟ್ಟಿ, ಮುಂಗಾರಿಗೆ ಮುನ್ನ ತೆಂಗಿನ ನಾರಿನ ಚಾಪೆ ಹಾಸಿ ಹುಲ್ಲು ಬೆಳೆಸಬೇಕು. ಕೊರಕಲುಗಳಿಗೆ ಕಲ್ಲಿನ ಸಣ್ಣ ತಡೆಗಳು.

ಬಳ್ಳಾರಿ, ಸಂಡೂರಿನ ಗಣಿಗಳಿಗೆ ಇವು ಐಚ್ಛಿಕವಲ್ಲ. 2011ರಲ್ಲಿ ಗಣಿಗಾರಿಕೆ ನಿಲ್ಲಿಸಿದ ಸುಪ್ರೀಂ ಕೋರ್ಟ್, ಗಣಿಯಿಂದ ಹಾಳಾದ ನೆಲವನ್ನು ಸರಿಪಡಿಸುವ ಪುನಶ್ಚೇತನ ಯೋಜನೆಯನ್ನು ಕಡ್ಡಾಯ ಮಾಡಿತು. ಆದರೆ ಹೊಂಡದ ಹೂಳನ್ನು ಪ್ರತಿ ಬೇಸಿಗೆಯಲ್ಲಿ ಎತ್ತದಿದ್ದರೆ ಮೊದಲ ಮಳೆಗೇ ಅದು ತುಂಬಿ ಹರಿಯುತ್ತದೆ. ನಿಮ್ಮೂರಿನ ಬಳಿ ಗಣಿಯಿದ್ದರೆ ಹೂಳು ಎತ್ತಿದ್ದಾರೆಯೇ ಎಂದು ಮೇ ತಿಂಗಳಲ್ಲೇ ಕೇಳಿ.